ಮುಂಬಯಿಯಲ್ಲಿ ಎರಡು ದಿನ: ಶೋಕಸ್ಥಾನಗಳೂ ಊಟದ ಮನೆಗಳೂ

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟು ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ ಇಳಿಯುವ ಕನ್ನಡಿಗನು, ಪೆಟ್ಟಿಗೆಗಳನ್ನು ಎಣಿಸಿಕೊಳ್ಳುವ ಗಡಿಬಿಡಿಯಲ್ಲಿ, ತಾನು ಕಾಲಿಟ್ಟ ನೆಲವೇ ಒಂದು ಶೋಕಸ್ಥಾನವೆಂಬುದನ್ನು ಪ್ರಾಯಶಃ ಗಮನಿಸುವುದಿಲ್ಲ. 2008ರ ನವೆಂಬರ್ 26ರ ರಾತ್ರಿ, ಪರ ಊರಿನ ರೈಲುಗಳಿಗಾಗಿ ಗಂಟುಮೂಟೆಗಳೊಡನೆ ಕಾದು ಕುಳಿತಿದ್ದ ಐವತ್ತಕ್ಕೂ ಮಿಕ್ಕ ಬಡ ಪ್ರಯಾಣಿಕರು ಇಬ್ಬರು ಬಂದೂಕುಧಾರಿಗಳ ಗುಂಡಿಗೆ ಇಲ್ಲಿಯೇ ಬಲಿಯಾದರು. ಅದೇ ಹಾಸುಗಲ್ಲಿನ ಮೇಲೆ ಇಂದು ಲಕ್ಷಾಂತರ ಪಾದಗಳು ಸಂಚರಿಸುತ್ತವೆ. ಸಿದ್ಧಿವಿನಾಯಕನ ದರ್ಶನ, ಗೇಟ್‌ವೇ ಎದುರಿನ ಒಂದು ಭಾವಚಿತ್ರ, ಜುಹೂ ಕಡಲತಡಿಯ ಭೇಲ್‌ಪುರಿ, ಇಷ್ಟಕ್ಕೆ ಮುಗಿಯುವ ನಮ್ಮವರ ಮುಂಬಯಿ ಯಾತ್ರೆಗೆ ಬೇರೊಂದು ಮಾರ್ಗವನ್ನು ಸೂಚಿಸುವುದು ಈ ಲೇಖನದ ಉದ್ದೇಶ.

ಪೋಲೆಂಡಿಗೆ ಹೋಗುವ ಪ್ರವಾಸಿಗಳಲ್ಲಿ ಒಂದು ರೂಢಿಯುಂಟು. ಕ್ರಾಕೋ ನಗರದಲ್ಲಿ ಬಿಡಾರ ಹೂಡಿ, ಒಂದು ದಿನವನ್ನು ಆಶ್ವಿಟ್ಜಿನ ಮರಣಶಿಬಿರಕ್ಕೆ ಮೀಸಲಿಟ್ಟು, ಸಂಜೆಗೆ ಮರಳಿ, ಪಿಯೆರೋಗಿ ಎಂಬ ಅಲ್ಲಿಯ ಕಡುಬನ್ನು ಹಂಚಿಕೊಂಡು ಮೌನವಾಗಿ ತಿನ್ನುತ್ತಾರೆ. ಅಲ್ಲಿ ಶೋಕಕ್ಕೆ ಆವರಣವುಂಟು, ಬಾಗಿಲುಂಟು, ಮುಂಗಡವಾಗಿ ಕಾಯ್ದಿರಿಸಿಕೊಳ್ಳಬೇಕಾದ ವೇಳೆಯುಂಟು. ಮುಂಬಯಿಯಲ್ಲಿ ಶೋಕವು ನಡುಬೀದಿಯಲ್ಲಿ, ಬಸ್ಸಿನ ತಂಗುದಾಣದ ಪಕ್ಕದಲ್ಲಿ, ಚೀಟಿಯಿಲ್ಲದೆ ನಿಂತಿದೆ. ಅದಕ್ಕಿಂತಲೂ ವಿಶೇಷವಾದ ಸಂಗತಿಯೆಂದರೆ, ಈ ನಗರದ ಪ್ರಸಿದ್ಧ ಊಟ ತಿಂಡಿಗಳಲ್ಲಿ ಹಲವು ಯಾವುದಾದರೊಂದು ವಿಪತ್ತಿನ ಬೆನ್ನಿಗೆ ಬಂದವು. ಆದುದರಿಂದ ಇಲ್ಲಿ ಸ್ಮಾರಕವನ್ನೂ ಉಪಾಹಾರಗೃಹವನ್ನೂ ಬೇರೆ ಬೇರೆ ಪಟ್ಟಿಯಲ್ಲಿ ಬರೆದುಕೊಳ್ಳುವ ಅಗತ್ಯವಿಲ್ಲ.

ಮೊದಲ ದಿನದ ಬೆಳಗಿನ ಉಪಾಹಾರಕ್ಕೆ, ನಿಲ್ದಾಣದಿಂದ ನಡೆದೇ ಹೋಗಬಹುದಾದ ಧೋಬಿ ತಲಾವಿನ ಕಯಾನಿ ಕಂಪನಿಯ ಹೋಟೆಲು ಯೋಗ್ಯವಾದುದು. 1904ರಲ್ಲಿ ತೆರೆದ ಈ ಇರಾನಿ ಹೋಟೆಲಿನ ಬಣ್ಣಗೆಟ್ಟ ಕುರ್ಚಿಯಲ್ಲಿ ಕುಳಿತು, ಬೆಣ್ಣೆ ಸವರಿದ ಬನ್ನನ್ನು ಚಹಾದಲ್ಲಿ ಅದ್ದುವಾಗ, 1870ರ ಸುಮಾರಿನಲ್ಲಿ ಪರ್ಷಿಯಾ ದೇಶವನ್ನು ಕಾಡಿದ ಮಹಾಕ್ಷಾಮವನ್ನು ನೆನೆಯತಕ್ಕದ್ದು. ಆ ಹಸಿವೆಯೂ ಸ್ವದೇಶದಲ್ಲಿ ತಮ್ಮ ಧರ್ಮಕ್ಕಾಗಿ ಅನುಭವಿಸಿದ ಕಿರುಕುಳವೂ ಯಜ್ದ್, ಕೆರ್ಮಾನ್ ಪ್ರಾಂತಗಳ ಜರತುಷ್ಟ್ರ ಮತಸ್ಥರನ್ನು ಈ ತೀರಕ್ಕೆ ಅಟ್ಟಿದವು. ರಸ್ತೆಯ ಮೂಲೆಗಳು ಅಶುಭವೆಂದು ಇತರ ವ್ಯಾಪಾರಿಗಳು ಬಿಟ್ಟುಕೊಟ್ಟ ಅಂಗಡಿಗಳನ್ನೇ ಅವರು ಹಿಡಿದರೆಂದು ಹೇಳಿಕೆಯುಂಟು. ಹಸಿದು ಬಂದವನಿಗೆ ವಾಸ್ತುವಿನ ಚಿಂತೆಯೆಲ್ಲಿಯದು!

ಅಲ್ಲಿಂದ ಕೊಂಚ ದೂರದಲ್ಲಿ, ಈಗ ಹುಡುಗರು ಕ್ರಿಕೆಟ್ ಆಡುವ ಮೈದಾನದ ಬಯಲಿನಲ್ಲಿ, ಸಿಪಾಯಿ ದಂಗೆಯ ವರ್ಷವಾದ 1857ರ ಅಕ್ಟೋಬರ್ 15ರಂದು ಬ್ರಿಟಿಷರು ಸಯ್ಯದ್ ಹುಸೇನ್, ಮಂಗಲ್ ಗಡಿಯಾ ಎಂಬ ಇಬ್ಬರು ಸಿಪಾಯಿಗಳನ್ನು ತೋಪಿನ ಬಾಯಿಗೆ ಕಟ್ಟಿ ಹಾರಿಸಿದರು. ಇನ್ನೂ ದಕ್ಷಿಣಕ್ಕೆ ನಡೆದರೆ ಹುತಾತ್ಮ ಚೌಕ. ಮುಂಬಯಿಯನ್ನೊಳಗೊಂಡ ಮರಾಠಿ ರಾಜ್ಯಕ್ಕಾಗಿ ನಡೆದ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದ ನೂರಕ್ಕೂ ಮಿಕ್ಕ ಜನರ ನೆನಪಿಗೆ, ಪಂಜನ್ನೆತ್ತಿ ಹಿಡಿದ ಕಾರ್ಮಿಕ, ರೈತರ ಪ್ರತಿಮೆ ಇಲ್ಲಿ ನಿಂತಿದೆ. 1955ರ ನವೆಂಬರ್ 21ರ ಗೋಲೀಬಾರು ನಡೆದದ್ದು ಈ ಪರಿಸರದಲ್ಲಿಯೇ. ಆ ಚಳವಳಿಯ ಬೇಡಿಕೆಯಲ್ಲಿ ಬೆಳಗಾವಿ, ಕಾರವಾರಗಳೂ ಸೇರಿದ್ದುದರಿಂದ ಕನ್ನಡಿಗನು ಈ ಪ್ರತಿಮೆಯ ಮುಂದೆ ತುಸು ಸಂಕೋಚದಿಂದ ನಿಲ್ಲುವುದು ಸಹಜವೇ. ಆದರೆ ಸತ್ತವರಿಗೆ ತಲೆಬಾಗುವುದಕ್ಕೆ ಅವರ ಗಡಿಯ ವಾದವನ್ನು ಒಪ್ಪಿಕೊಳ್ಳಬೇಕೆಂಬ ನಿಯಮವೇನೂ ಇಲ್ಲ. ಮಧ್ಯಾಹ್ನದ ಊಟಕ್ಕೆ ಫೋರ್ಟಿನ ಓಣಿಗಳಲ್ಲಿ ನಮ್ಮ ಕರಾವಳಿಯವರು ನಡೆಸುವ ಮೀನೂಟದ ಮನೆಗಳುಂಟು. ಬಂಗಡೆಯ ಗಸಿ, ನೀರುದೋಸೆ ಬೇಕೆನ್ನುವವರಿಗೆ ಮಹೇಶ್ ಲಂಚ್ ಹೋಮ್ ಪ್ರಖ್ಯಾತವಾದುದು.

ಅಪರಾಹ್ನದ ಕೊಲಾಬಾವನ್ನು ನಾವು ಸಂಕ್ಷೇಪವಾಗಿ ಮುಗಿಸಬಹುದು. ಮೊದಲಿಗೆ ಹೇಳಿದ ದಾಳಿ ಈ ಭಾಗವನ್ನೂ ತಟ್ಟಿತ್ತು. ಅದನ್ನೆದುರಿಸುತ್ತ ತಾಜ್ ಹೋಟೆಲಿನಲ್ಲಿ 2008ರ ನವೆಂಬರ್ 28ರಂದು ಮಡಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನಲ್ಲಿ ಬೆಳೆದವರು. ಲಿಯೋಪೋಲ್ಡ್ ಕೆಫೆಯವರು ಅಂದಿನ ಗುಂಡಿನ ತೂತುಗಳನ್ನು ಗೋಡೆಯಲ್ಲಿ ಹಾಗೆಯೇ ಉಳಿಸಿಕೊಂಡಿದ್ದಾರೆ. ಅವುಗಳ ಕೆಳಗೆ ಬೀರು ಹೀರುತ್ತ ಚಿತ್ರ ತೆಗೆಸಿಕೊಳ್ಳುವವರನ್ನು ಕಂಡು ನಮಗೆ ಕಸಿವಿಸಿಯಾದರೂ, ಮುಚ್ಚಿ ಸುಣ್ಣ ಬಳಿಯುವುದಕ್ಕಿಂತ ಇದು ಮೇಲೆಂದೇ ತೋರುತ್ತದೆ. ಇದೇ ಭಾಗದ ಒಂದು ಉದ್ಯಾನದಲ್ಲಿ 1946ರ ನೌಕಾದಂಗೆಯ ಸ್ಮಾರಕವಾಗಿ ನಾವಿಕನೊಬ್ಬನ ಪ್ರತಿಮೆಯಿದೆ. ಆ ವರ್ಷ ಫೆಬ್ರವರಿ 18ರಂದು ‘ತಲ್ವಾರ್’ ನೌಕಾಶಾಲೆಯ ತರುಣರು ಮುಷ್ಕರ ಹೂಡಿದ್ದಕ್ಕೆ ತತ್‌ಕ್ಷಣದ ನಿಮಿತ್ತಗಳಲ್ಲಿ ಒಂದು, ಅವರ ತಟ್ಟೆಗೆ ಬಡಿಸುತ್ತಿದ್ದ, ತಿನ್ನಲಾರದ ಆಹಾರ. ಕೆಲವೇ ದಿನಗಳಲ್ಲಿ ನಗರದ ಬೀದಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಗುಂಡೇಟಿಗೆ ಸತ್ತರು.

ಎರಡನೆಯ ದಿನವೇ ಈ ಯಾತ್ರೆಯ ತಿರುಳು. ಬೈಕುಲಾದ ಅಗ್ನಿಶಾಮಕ ದಳದ ಮುಖ್ಯ ಠಾಣೆಯಲ್ಲಿ ಒಂದೇ ದಿನ ಮಡಿದ 66 ಮಂದಿ ಅಗ್ನಿಶಾಮಕರ ಸ್ಮಾರಕವುಂಟು. 1944ರ ಎಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗು, ಸುಮಾರು 1,400 ಟನ್ ಸಿಡಿಮದ್ದು, ಕರಾಚಿಯಲ್ಲಿ ಹೇರಿದ ಹತ್ತಿಯ ಮೂಟೆಗಳು, ಎಣ್ಣೆ, ಒಣಮೀನು, ಚಿನ್ನದ ಗಟ್ಟಿಗಳು, ಇವೆಲ್ಲವನ್ನೂ ಒಂದೇ ಒಡಲಿನಲ್ಲಿ ತುಂಬಿಕೊಂಡಿತ್ತು. ಯುದ್ಧಕಾಲದ ತುರ್ತು ಎಂಬ ಹೆಸರಿನಲ್ಲಿ ನಡೆಯುವ ಅವಿವೇಕಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಮಧ್ಯಾಹ್ನ ಹತ್ತಿಗೆ ಹತ್ತಿದ ಕಿಚ್ಚನ್ನು ಆರಿಸಲು ಧಾವಿಸಿದ ದಳದವರು ಹಡಗಿನ ಮೇಲೂ ದಂಡೆಯ ಮೇಲೂ ನೀರೆರಚುತ್ತಿದ್ದಂತೆಯೇ, 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟವೂ ಅರ್ಧ ಗಂಟೆಯೊಳಗೆ ಎರಡನೆಯದೂ ಸಂಭವಿಸಿದವು. ಪಕ್ಕದಲ್ಲಿದ್ದ ‘ಜಲಪದ್ಮ’ವೆಂಬ ಹಡಗು ಮೇಲೆದ್ದು ದಂಡೆಯ ಗೋದಾಮಿನ ಮಾಡಿನ ಮೇಲೆ ಬಿತ್ತು, ಸಿಮ್ಲಾದ ಭೂಕಂಪಮಾಪಕದಲ್ಲಿಯೂ ಅದರ ಕಂಪನ ದಾಖಲಾಯಿತು, ಸುಮಾರು ಒಂದು ಮೈಲಿ ದೂರದ ಪಾರ್ಸಿ ಗೃಹಸ್ಥರೊಬ್ಬರ ಮನೆಗೆ ಚಿನ್ನದ ಗಟ್ಟಿಯೊಂದು ಆಕಾಶದಿಂದ ಬಂದು ಬಿದ್ದಿತೆಂಬುದು ಕಟ್ಟುಕಥೆಯಲ್ಲ. ಸತ್ತವರ ಲೆಕ್ಕ ಎಂಟುನೂರರಿಂದ ಸಾವಿರದ ಮುನ್ನೂರರವರೆಗೆ ಒಬ್ಬೊಬ್ಬರದು ಒಂದೊಂದು ಬಗೆ. ಮನೆ ಕಳೆದುಕೊಂಡವರು ಸುಮಾರು 80,000. ಮೊದಲು ಹೇಳಿದ ಪೋಲೆಂಡಿನ ನಂಟು ಇಲ್ಲಿಯೂ ಉಂಟು. ಇದೇ ಬೇಸಗೆ ಕಳೆದು ಆಗಸ್ಟಿನಲ್ಲಿ ಆ ದೇಶದ ವಾರ್ಸಾ ನಗರವು ದಂಗೆಯೆದ್ದು, 63 ದಿನ ಕಾದಾಡಿ ಬೂದಿಯಾಯಿತು. ಆ ದೇಶದ ಅನಾಥ ಮಕ್ಕಳು ಕೆಲವರು ಅದಕ್ಕೆರಡು ವರ್ಷ ಮುಂಚೆ, 1942ರಲ್ಲಿ, ಈ ಮುಂಬಯಿಯ ಬಾಂದ್ರಾದಲ್ಲಿ ಕೆಲಕಾಲ ತಂಗಿ ನವಾನಗರದ ಮಹಾರಾಜರ ಆಶ್ರಯಕ್ಕೆ ಹೋಗಿದ್ದರು. ಮುಂದೆ ಸುಮಾರು 5,000 ಪೋಲಿಷ್ ನಿರಾಶ್ರಿತರಿಗೆ ನಮ್ಮ ಗಡಿಯಾಚೆಗಿನ ಕೊಲ್ಹಾಪುರದ ಬಳಿಯ ವಳಿವಡೆ ಆಸರೆಯಾಯಿತು. ವಾರ್ಸಾದಲ್ಲಿ ‘ಒಳ್ಳೆಯ ಮಹಾರಾಜ’ನ ಹೆಸರಿನ ಚೌಕವೊಂದಿದೆಯೆಂದರೆ, ಉಂಡ ಅನ್ನವನ್ನು ಆ ಜನ ಮರೆತಿಲ್ಲವೆಂದಾಯಿತು.

ಡಾಕಿನ ಒಳಾವರಣಕ್ಕೆ ಸಾರ್ವಜನಿಕರಿಗೆ ಸುಲಭ ಪ್ರವೇಶವಿಲ್ಲ. ಪಕ್ಕದ ಭಾವುಚಾ ಧಕ್ಕಾಕ್ಕೆ ನಸುಕಿನಲ್ಲಿ ಹೋದರೆ ಮೀನಿನ ದೋಣಿಗಳು ಬರಿದಾಗುವ ಗದ್ದಲದ ನಡುವೆ ಆ ನೀರನ್ನು ಕಾಣಬಹುದು.

ಬೈಕುಲಾದಿಂದ ಮಾಟುಂಗಾಕ್ಕೆ ಲೋಕಲ್ ರೈಲು ಹತ್ತುವ ಮುನ್ನ ಇನ್ನೊಂದು ವಿಷಯ. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯ ಇಕ್ಕಟ್ಟಾದ ಚಾಳುಗಳಲ್ಲಿ ಗೋವೆಯ ಮೂಲದ ವೈದ್ಯ ಅಕಾಸಿಯೋ ವಿಯೇಗಸ್ ಅವರು ಮಹಾಮಾರಿ ಪ್ಲೇಗನ್ನು ಗುರುತಿಸಿದರು. ಲಕ್ಷಾಂತರ ಜನ ಊರು ತೊರೆದರು. ಮರುವರ್ಷದ ಜನವರಿಯಲ್ಲಿ ಹಾಫ್ಕಿನ್ ಎಂಬ ವಿಜ್ಞಾನಿಯು ಬೈಕುಲಾದ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ತಾನು ಸಿದ್ಧಪಡಿಸಿದ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಆ ಮಾರಿಯ ಭಯದಿಂದಲೇ 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಸ್ಥಾಪಿತವಾಯಿತು. ಗಾಳಿ ಬೆಳಕು ಬರುವಂತೆ ಅದು ಅಳೆದು ಹಾಕಿದ ಬಡಾವಣೆಗಳೇ ದಾದರ್, ಮಾಟುಂಗಾ, ವಡಾಲಾ. ದಕ್ಷಿಣದಿಂದ ಬಂದ ಗುಮಾಸ್ತರು ಆ ಹೊಸ ಮನೆಗಳನ್ನು ತುಂಬಿದರು, ಅವರ ಬೆನ್ನಿಗೆ ಉಡುಪಿಯ ಕಡೆಯ ಅಡಿಗೆಯವರು ಬಂದರು. 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು. ಹೀಗೆ ಪ್ಲೇಗಿಲ್ಲದಿದ್ದರೆ ಮಾಟುಂಗಾದ ಇಡ್ಲಿಯೂ ಇರುತ್ತಿರಲಿಲ್ಲವೆಂದರೆ ಅತಿಶಯೋಕ್ತಿಯ ಅಂಶ ಸ್ವಲ್ಪವೇ.

ಮಧ್ಯಾಹ್ನದ ಊಟ ಎ. ರಾಮ ನಾಯಕರು 1942ರಲ್ಲಿ ಸ್ಥಾಪಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿಯೇ ಆಗತಕ್ಕದ್ದು. ನಿಲ್ದಾಣದ ಮಗ್ಗುಲಿನ ಮಹಡಿಯನ್ನೇರಿ, ಚೀಟಿ ಕೊಂಡು, ಬಾಳೆಲೆಯ ಮುಂದೆ ಕುಳಿತರೆ ಸಾರು, ಹುಳಿ, ಪಲ್ಯಗಳು ಬೇಡವೆನ್ನುವವರೆಗೆ ಬರುತ್ತವೆ. ಬಡಿಸುವವರೊಡನೆ ಕನ್ನಡದಲ್ಲಿ ಮಾತಾಡಿದರೆ ತುಳುವಿನಲ್ಲೋ ಕೊಂಕಣಿಯಲ್ಲೋ ಊರಿನ ವಿಚಾರಣೆಯೂ ಆಗುವ ಸಂಭವವುಂಟು. ಕೆಫೆ ಮದ್ರಾಸಿನ ರಸಂ ವಡೆ, ರಾಮಾಶ್ರಯದ ಅನಾನಸಿನ ಶೀರಾಗಳನ್ನು ಊಟದ ಮೇಲೆ ತಿನ್ನುವ ದುಸ್ಸಾಹಸಕ್ಕಿಳಿಯದೆ ಸಂಜೆಗೆ ಉಳಿಸಿಕೊಳ್ಳುವುದು ಕ್ಷೇಮ. ಇನ್ನೂ ಶಕ್ತಿಯಿದ್ದವರು ಸಮೀಪದ ಸಾಯನ್ ಕೋಳಿವಾಡಕ್ಕೆ ಹೋಗಿ, ದೇಶವಿಭಜನೆಯಲ್ಲಿ ಎಲ್ಲವನ್ನೂ ಬಿಟ್ಟು ಬಂದ ಪಂಜಾಬಿಗಳು ನೆಲೆಯೂರಿದ ಬೀದಿಗಳಲ್ಲಿ ಕಡಲೆಹಿಟ್ಟಿನಲ್ಲಿ ಕರಿದ ಸಿಗಡಿಯನ್ನು ಸವಿಯಬಹುದು.

ದಿನದ ಆಯ್ಕೆಯ ಬಗೆಗೆ ಒಂದು ಮಾತು. ಫೋರ್ಟು ಭಾನುವಾರ ನಿರ್ಜನವಾಗಿ ನಡೆಯಲು ಹಿತವಾದರೂ ಅಂದು ಅನೇಕ ಊಟದ ಮನೆಗಳು ಬಾಗಿಲು ಹಾಕಿರುತ್ತವೆ. ಆದುದರಿಂದ ಶುಕ್ರವಾರ, ಶನಿವಾರಗಳು ಉತ್ತಮ. ಎಪ್ರಿಲ್ 14ರಂದೇ ಬರುವವರು ಅಗ್ನಿಶಾಮಕರಿಗೆ ಗೌರವ ಸಲ್ಲುವುದನ್ನು ಕಾಣಬಹುದು. ಆದರೆ ಅಂದು ಅಂಬೇಡ್ಕರ್ ಜಯಂತಿಯೂ ಆಗಿರುವುದರಿಂದ ಅವರ ಸಮಾಧಿಯಿರುವ ಚೈತ್ಯಭೂಮಿಗೆ ಹೊರಟ ಜನಸಾಗರದಲ್ಲಿ ದಾದರಿನಲ್ಲಿ ಇಳಿಯುವುದು ಕಷ್ಟ. ಬಿಸಿಲು ಏರುವ ಮೊದಲೇ ಬೈಕುಲಾ ಮುಗಿಸಿ, ಹನ್ನೊಂದೂವರೆಗೆಲ್ಲ ಮಾಟುಂಗಾದ ಸಾಲಿನಲ್ಲಿ ನಿಲ್ಲುವುದು ಒಳ್ಳೆಯದು.