ನಾಯಿಗೂ ನಮ್ಮಷ್ಟೇ ನೋವಾಗುತ್ತದೆಯೇ?

ಪ್ರಶ್ನೆ: ಬೈಕ್ ತಾಗಿ ಕಾಲು ಎಳೆಯುತ್ತಿದ್ದ ಬೀದಿನಾಯಿಯ ಗಾಯವನ್ನು ಇನ್ನೊಂದು ನಾಯಿ ನೆಕ್ಕುತ್ತಿತ್ತು. ಪ್ರಾಣಿಗಳಿಗೂ ನಮ್ಮ ಹಾಗೆ ನೋವು, ಅನುಕಂಪ ಇರುತ್ತವೆಯೇ?
– ಓದುಗರೊಬ್ಬರು, ಎಂ.ಸಿ.ಸಿ. ಬಡಾವಣೆ, ದಾವಣಗೆರೆ

ಉತ್ತರ: ನೋವಂತೂ ಖಂಡಿತ ಇದೆ. ಗಾಯದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ನರಗಳು ನಾಯಿ, ಹಸು, ಇಲಿಗಳಲ್ಲೂ ಹೆಚ್ಚುಕಡಿಮೆ ನಮ್ಮಂತೆಯೇ ಇವೆ. ಮಾರ್ಫಿನ್ ಅವುಗಳ ನೋವನ್ನೂ ತಗ್ಗಿಸುತ್ತದೆ. ಆದರೆ ಹಸು ಕೂಗಾಡುವುದು ಕಡಿಮೆ; ಕಾಡಿನಲ್ಲಿ ನರಳಾಟ ತೋರಿಸುವುದೆಂದರೆ ಹುಲಿಯನ್ನು ಕರೆದಂತೆ. ಕಿವಿ ಜೋತಿದೆಯೇ, ಮೆಲುಕು ನಿಂತಿದೆಯೇ, ಹಲ್ಲು ಕಡಿಯುತ್ತಿದೆಯೇ ಎಂದು ಪಶುವೈದ್ಯರು ನೋಡುವುದು ಅದಕ್ಕೇ.

ಅನುಕಂಪದ ಮಾತು ಸ್ವಲ್ಪ ಜಟಿಲ.

2011ರಲ್ಲಿ ಪ್ರಕಟವಾದ ಶಿಕಾಗೋ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಇಲಿಗಳು ಕೊಳವೆಯೊಳಗೆ ಸಿಕ್ಕಿಕೊಂಡ ಜೊತೆಗಾರನನ್ನು ಬಾಗಿಲು ತೆರೆದು ಬಿಡಿಸಿದವು. ಪಕ್ಕದಲ್ಲಿ ಚಾಕೊಲೇಟ್ ಇಟ್ಟಾಗಲೂ ಬಿಡಿಸಿ, ಅದನ್ನು ಎಷ್ಟೋ ಸಲ ಹಂಚಿಕೊಂಡವು. ಥಾಯ್ಲೆಂಡಿನ ಆನೆಗಳು ಗಾಬರಿಗೊಂಡ ಸಂಗಾತಿಯ ಬಾಯಿಗೆ ಸೊಂಡಿಲಿಟ್ಟು ಸಂತೈಸುವುದು 2014ರ ಅಧ್ಯಯನದಲ್ಲಿ ದಾಖಲಾಗಿದೆ. ಇನ್ನೊಬ್ಬರ ಸಂಕಟಕ್ಕೆ ಮಿಡಿಯುತ್ತವೆ, ಸರಿ; ಆದರೆ ‘ಅವನ ಜಾಗದಲ್ಲಿ ನಾನಿದ್ದರೆ’ ಎಂದು ನಮ್ಮಂತೆ ಯೋಚಿಸುತ್ತವೆ ಎನ್ನಲು ಪುರಾವೆ ಸಾಲದು. ನಿಮ್ಮ ಬೀದಿಯ ನಾಯಿಯನ್ನು ರಕ್ತದ ವಾಸನೆಯೂ ಸೆಳೆದಿರಬಹುದು.

ಕಾನೂನಿಗೆ ಈ ಗೊಂದಲವಿಲ್ಲ. ಪ್ರಾಣಿಗಳಿಗೆ ವಿನಾಕಾರಣ ನೋವು ಕೊಡುವುದು 1960ರ ಕಾಯ್ದೆಯಡಿ ಅಪರಾಧ. ಕಂಬಳಕ್ಕಾಗಿ ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದದ್ದೂ ಇದೇ ಕಾಯ್ದೆಗೆ.

ಗಾಯಗೊಂಡ ಪ್ರಾಣಿಗೆ ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡಿ. ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ. ನಾಯಿಯಾದರೆ ದೂರದಲ್ಲೇ ನಿಂತು ಪಶುವೈದ್ಯರಿಗೆ ತಿಳಿಸಿ, ದನಕರುಗಳಾದರೆ 1962ಕ್ಕೆ ಕರೆ ಮಾಡಿ.