ಪಟ್ಟಣದಲ್ಲಿ ನಾಲ್ಕು ದಿನ: ವಸತಿಗೃಹವೋ, ಬಾಡಿಗೆಯ ಫ್ಲಾಟೋ?

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಕುಟುಂಬಗಳಿಗೆ ಪಟ್ಟಣದ ಪ್ರಯಾಣವು ಬರಿಯ ವಿನೋದಕ್ಕಾಗಿ ಒದಗಿಬರುವುದು ವಿರಳ. ಅಡಿಕೆಯ ತೋಟವನ್ನೂ ಹಟ್ಟಿಯ ದನಗಳನ್ನೂ ನೆರೆಯವರಿಗೆ ಒಪ್ಪಿಸಿ ಹೊರಡಬೇಕಾದರೆ ಬಲವಾದ ಕಾರಣವೇ ಇರಬೇಕು. ಹಿರಿಯರ ಶಸ್ತ್ರಚಿಕಿತ್ಸೆ, ಮಗನ ಕಾಲೇಜು ಪ್ರವೇಶ, ನಂಟರ ಮದುವೆ ಮೊದಲಾದವು ಅಂತಹ ಕಾರಣಗಳು. ಸುಳ್ಯದಲ್ಲಿಯೇ ವೈದ್ಯಕೀಯ ಕಾಲೇಜೊಂದಿರುವುದರಿಂದ ಎಷ್ಟೋ ಚಿಕಿತ್ಸೆಗಳು ಊರ ಸಮೀಪದಲ್ಲಿಯೇ ದೊರೆಯುತ್ತವೆ. ಆದರೂ ಕೆಲವು ವ್ಯಾಧಿಗಳಿಗೆ ಮಂಗಳೂರನ್ನೋ ಬೆಂಗಳೂರನ್ನೋ ಸೇರದೆ ಉಪಾಯವಿಲ್ಲ. ಪುತ್ತೂರಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು ದೂರವಾದುದರಿಂದ ಅಲ್ಲಿಯವರು ಸಂಜೆಗೆ ಮನೆಗೆ ಮರಳಬಹುದು. ಸುಬ್ರಹ್ಮಣ್ಯದ ಕಡೆಯವರಿಗೆ ಅದು ಸುಮಾರು ಇಮ್ಮಡಿ ದೂರ. ರೋಗಿಯೊಡನೆ ದಿನವೂ ಹೋಗಿ ಬರುವುದು ಅಸಾಧ್ಯ.

ಹಿಂದಿನವರಿಗೆ ಇಂತಹ ಸಂದರ್ಭದಲ್ಲಿ ಛತ್ರವಿತ್ತು, ಇಲ್ಲವೆ ನಂಟರ ಮನೆಯಿತ್ತು. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಧರ್ಮಛತ್ರವು 1903ರಲ್ಲಿ ತೆರೆಯಲ್ಪಟ್ಟುದು ಪರಸ್ಥಳದ ಯಾತ್ರಿಕರ ಈ ಕಷ್ಟವನ್ನು ಕಂಡೇ. ನಂಟರ ಮನೆಗೆ ಹೋಗುವವರು ನಾಲ್ಕು ತೆಂಗಿನಕಾಯಿಗಳನ್ನೂ ಹಲಸಿನ ಹಪ್ಪಳದ ಕಟ್ಟನ್ನೂ ಒಯ್ದು ವಾರಗಟ್ಟಲೆ ಉಳಿಯುತ್ತಿದ್ದರು. ಇಂದು ಆ ನಂಟರು ಎರಡು ಕೋಣೆಗಳ ಮನೆಯಲ್ಲಿರುವರು. ಗಂಡಹೆಂಡಿರಿಬ್ಬರೂ ಉದ್ಯೋಗಕ್ಕೆ ಹೋಗುವರು. ಅವರಿಗೆ ಭಾರವಾಗಬಾರದೆಂದು ನಮ್ಮವರು ಈಗ ಬೇರೆ ಬಿಡಾರವನ್ನು ಹುಡುಕುತ್ತಾರೆ. ಕೊಠಡಿಯೊಂದನ್ನು ಕೊಡುವ ವಸತಿಗೃಹವು ಒಂದು ಬಗೆ. ಅಡಿಗೆಮನೆ ಸಹಿತವಾಗಿ ದಿನದ ಲೆಕ್ಕದಲ್ಲಿ ದೊರೆಯುವ ಫ್ಲಾಟು ಇನ್ನೊಂದು ಬಗೆ. ಇವೆರಡರಲ್ಲಿ ಯಾವುದು ಲೇಸೆಂಬುದನ್ನು ವಿಚಾರಿಸೋಣ.

ಅನೇಕರು ಒಂದು ರಾತ್ರಿಯ ಬಾಡಿಗೆಯನ್ನು ಮಾತ್ರ ನೋಡಿ ನಿರ್ಣಯಿಸುವರು. ಇದು ಸಾಲದು. ಒಂದು ಕಲ್ಪಿತ ಲೆಕ್ಕವನ್ನು ಹಾಕಿ ನೋಡಿರಿ. ಐದು ಮಂದಿಯ ಕುಟುಂಬವು ನಾಲ್ಕು ರಾತ್ರಿ ತಂಗಬೇಕಾಗಿದೆ. ವಸತಿಗೃಹದಲ್ಲಿ 2,000 ರೂಪಾಯಿಗಳ ಎರಡು ಕೊಠಡಿಗಳಿಗೆ 16,000 ರೂಪಾಯಿಗಳಾಗುವುವು. ಫ್ಲಾಟಿಗೆ ದಿನಕ್ಕೆ 3,500ರಂತೆ 14,000. ಶುಚಿಮಾಡುವ ಖರ್ಚೆಂದು 1,500 ಸೇರಿದರೆ 15,500. ಉಳಿದುದು 500 ಮಾತ್ರ! ಕೊಠಡಿಯ ಬಾಡಿಗೆಯ ಮೇಲಿನ ತೆರಿಗೆಯನ್ನೂ ಮರೆಯಬಾರದು. ದಿನಕ್ಕೆ 7,500 ರೂಪಾಯಿಗಳವರೆಗಿನ ಕೊಠಡಿಗೆ 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 5ಕ್ಕೆ ಇಳಿದಿದೆ. ಒಟ್ಟಿನಲ್ಲಿ ಅಲ್ಪಕಾಲದ ವಾಸದಲ್ಲಿ ಬಾಡಿಗೆಯ ಅಂತರವು ದೊಡ್ಡದಲ್ಲ. ನಿಜವಾದ ಉಳಿತಾಯವು ಊಟದಲ್ಲಿದೆ.

ಆದರೆ ಆ ಊಟವನ್ನು ಮಾಡುವವರಾರು? ಈ ಪ್ರಶ್ನೆಯನ್ನು ಮನೆಯ ಯಜಮಾನರು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಹಗಲೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ದಣಿದ ಗೃಹಿಣಿಯು ಸಂಜೆ ಬಂದು ಅಪರಿಚಿತವಾದ ಒಲೆಯನ್ನು ಹೊತ್ತಿಸಿ, ಪಾತ್ರೆಗಳನ್ನು ತೊಳೆದು, ಐವರಿಗೆ ಬಡಿಸಬೇಕಾಗುವುದು. ಹಣವು ಉಳಿದುದು ಅವಳ ವಿಶ್ರಾಂತಿಯಿಂದಲೇ ಹೊರತು ಫ್ಲಾಟಿನಿಂದಲ್ಲ. ಆದಕಾರಣ ಒಂದೆರಡು ರಾತ್ರಿಗಳ ಕೆಲಸಕ್ಕೆ, ಮದುವೆಗೆ, ಕಾಲೇಜಿನ ಪ್ರವೇಶಕ್ಕೆ ಹೋಗುವವರು ವಸತಿಗೃಹವನ್ನೇ ಆರಿಸುವುದು ಯುಕ್ತ. ಊಟಕ್ಕೆ ಹೊರಗೆ ಹೋದರಾಯಿತು. ಹಾಸಿಗೆಯನ್ನು ಮಡಿಚುವ ಚಿಂತೆಯೂ ಅವಳಿಗಿರದು.

ರೋಗಿಯೋ ಬಾಣಂತಿಯೋ ಎಳೆಯ ಮಗುವೋ ಜೊತೆಗಿದ್ದರೆ ಮಾತು ಬೇರೆ. ನಮ್ಮ ಊರ ಹಿರಿಯರಿಗೆ ಜ್ವರ ಬಿಟ್ಟ ಮೇಲೆ ಬೇಕಾಗುವುದು ಕುಚ್ಚಲಕ್ಕಿಯ ಗಂಜಿ. ಬೆಂಗಳೂರಿನ ಹೋಟೆಲುಗಳಲ್ಲಿ ಅದು ಸುಲಭವಾಗಿ ದೊರೆಯದು. ಉಪ್ಪು ಎಣ್ಣೆಗಳನ್ನು ಕಡಿಮೆಮಾಡಬೇಕೆಂದು ವೈದ್ಯರು ಹೇಳಿದವರಿಗೂ ಹೊರಗಿನ ಊಟವು ಒಗ್ಗದು. ಅಂತಹವರಿಗೆ ವಾರಕ್ಕೆ ಮೀರಿದ ವಾಸವಿದ್ದರೆ ಅಡಿಗೆಮನೆಯುಳ್ಳ ಫ್ಲಾಟೇ ಹಿತ. ಮೂರು ಸೇರು ಅಕ್ಕಿಯನ್ನೂ ಉಪ್ಪಿನಕಾಯಿಯನ್ನೂ ಊರಿನಿಂದಲೇ ಒಯ್ಯಬಹುದು. ಆದರೆ ಕೆಲಸವನ್ನು ಮೊದಲೇ ಹಂಚಿಕೊಳ್ಳಬೇಕು: ಗಂಜಿ ಬೇಯಿಸುವವರೊಬ್ಬರು, ಪಾತ್ರೆ ತೊಳೆಯುವವರೊಬ್ಬರು, ರೋಗಿಯ ಬಳಿಯಲ್ಲಿರುವವರೊಬ್ಬರು. ಗಂಡಸರೂ ಇದರಲ್ಲಿ ಸೇರತಕ್ಕವರೆಂಬುದು ನಮ್ಮ ಅಭಿಪ್ರಾಯ.

ಕಾಲದ ವಿಷಯವನ್ನೂ ಗಮನಿಸಬೇಕು. ಪುತ್ತೂರು, ಸುಳ್ಯಗಳಿಂದ ರಾತ್ರಿಯ ಬಸ್ಸಿನಲ್ಲಿಯೋ, ಕಬಕ ಪುತ್ತೂರು ಅಥವಾ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ರಾತ್ರಿಯ ರೈಲಿನಲ್ಲಿಯೋ ಹೊರಟವರು ಬೆಳಗಿನ ಹೊತ್ತಿಗೆ ಬೆಂಗಳೂರನ್ನು ಸೇರುವರು. ಫ್ಲಾಟುಗಳ ಬಾಗಿಲು ಸಾಮಾನ್ಯವಾಗಿ ಮಧ್ಯಾಹ್ನದ ತರುವಾಯ ತೆರೆಯುವುದು. ಆರು ಗಂಟೆಗಳ ಕಾಲ ರೋಗಿಯೊಡನೆ ಗಂಟುಮೂಟೆಗಳನ್ನು ಹೊತ್ತು ಎಲ್ಲಿ ಕುಳಿತಿರುವುದು? ಬಂದ ಹೊತ್ತಿನಿಂದ 24 ಗಂಟೆಗಳನ್ನೆಣಿಸುವ ವಸತಿಗೃಹಗಳು ಈ ವಿಷಯದಲ್ಲಿ ಅನುಕೂಲವಾದುವು. ಯಾವ ಕ್ರಮವೆಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿ ತಿಳಿಯತಕ್ಕದ್ದು.

ಸ್ಥಳದ ವಿಷಯವೂ ಹಾಗೆಯೇ. ‘ಆಸ್ಪತ್ರೆಗೆ ಸಮೀಪ’ ಎಂಬ ಮಾತನ್ನು ನಂಬದೆ ಯಾವ ಆಸ್ಪತ್ರೆಗೆ, ಎಷ್ಟು ದೂರವೆಂದು ವಿಚಾರಿಸಬೇಕು. ಮಂಗಳೂರಿನಲ್ಲಿ ವೆನ್‌ಲಾಕ್ ಆಸ್ಪತ್ರೆಯು ಹಂಪನಕಟ್ಟೆಯಲ್ಲಿದೆ, ಫಾದರ್ ಮುಲ್ಲರ್ ಆಸ್ಪತ್ರೆಯು ಕಂಕನಾಡಿಯಲ್ಲಿದೆ. ದೇರಳಕಟ್ಟೆಯ ಆಸ್ಪತ್ರೆಗಳಾದರೋ ನೇತ್ರಾವತಿಯ ಆಚೆಗಿವೆ. ಹಂಪನಕಟ್ಟೆಯಲ್ಲಿ ಅಗ್ಗದ ಕೊಠಡಿ ಹಿಡಿದು ದೇರಳಕಟ್ಟೆಗೆ ದಿನಕ್ಕೆರಡು ಬಾರಿ ಆಟೋರಿಕ್ಷಾದಲ್ಲಿ ಹೋದರೆ ಅಗ್ಗವು ತುಟ್ಟಿಯಾಗುವುದು.

ಫ್ಲಾಟನ್ನೇ ಹಿಡಿಯುವವರು ಇನ್ನೂ ಕೆಲವು ಸಂಗತಿಗಳನ್ನು ತಿಳಿದುಕೊಳ್ಳಲಿ. ಲಿಫ್ಟು ಇದೆಯೆ? ವಿದ್ಯುತ್ತು ಹೋದಾಗಲೂ ಅದು ನಡೆಯುವುದೆ? ಗ್ಯಾಸೂ ಪಾತ್ರೆಗಳೂ ಇವೆಯೆ? ಕೀಲಿಕೈಯನ್ನು ಕೊಡುವವರು ಯಾರು, ರಾತ್ರಿ ನೀರು ನಿಂತರೆ ಯಾರನ್ನು ಕರೆಯಬೇಕು? ಕೆಲವು ಕಟ್ಟಡಗಳ ನಿವಾಸಿಗಳ ಸಂಘಗಳು ದಿನಬಾಡಿಗೆಗೆ ಒಪ್ಪುವುದಿಲ್ಲ. ಕಾವಲುಗಾರನೊಡನೆ ಬಾಗಿಲಲ್ಲಿ ವಾದಿಸುವ ಪ್ರಸಂಗವು ಬರಬಾರದು. ಮುಂಗಡದ ಹಣವು ಯಾವಾಗ ಹಿಂದೆ ಬರುವುದೆಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಶಸ್ತ್ರಚಿಕಿತ್ಸೆಯ ದಿನವು ಮುಂದೆ ಬೀಳುವುದು ಸಾಮಾನ್ಯವಾದುದರಿಂದ ವಾಸವನ್ನು ಎರಡು ದಿನ ಬೆಳೆಸಬಹುದೆ ಎಂಬುದನ್ನೂ ಕೇಳಿಕೊಳ್ಳಿರಿ.

ಬಿಡಾರವನ್ನು ಗೊತ್ತುಮಾಡುವಾಗ ಹಣವನ್ನು ತೆರುವವರೊಡನೆ ಅಲ್ಲಿ ದುಡಿಯುವವರನ್ನೂ ಮಲಗಿರುವವರನ್ನೂ ಕೇಳಿ ಗೊತ್ತುಮಾಡಿದರೆ ಈ ಆಯ್ಕೆಯು ಕಠಿನವಾಗಲಾರದು. ಮುಂದಿನ ಪ್ರಯಾಣಕ್ಕೆ ಮೊದಲು ನಮ್ಮ ವಾಚಕರು ಮನೆಯವರೆಲ್ಲರೊಡನೆ ಕುಳಿತು ಈ ಲೆಕ್ಕವನ್ನು ಒಮ್ಮೆ ಹಾಕಿಕೊಳ್ಳುವರೆಂದು ನಂಬುತ್ತೇವೆ.