ಕೃತಕ ಉಪಗ್ರಹಗಳ ಪತನಕಾಲ ನಿರ್ಣಯ

ಗ್ರಹಣಕಾಲದಲ್ಲಿ ಕೊಟ್ಟ ದಾನಗಳನ್ನು ಕನ್ನಡ ಶಾಸನಗಳು ಹೇರಳವಾಗಿ ಉಲ್ಲೇಖಿಸುತ್ತವೆ. ಗ್ರಹಣವನ್ನು ಎಷ್ಟೋ ವರ್ಷ ಮೊದಲೇ ಗಣಿಸಿ ಪಂಚಾಂಗದಲ್ಲಿ ಬರೆಯಬಹುದು. ಉಲ್ಕಾಪಾತವನ್ನಾದರೋ ಹಾಗೆ ಬರೆಯಲಾಗದು. ಪ್ರಾಚೀನರು ಅದನ್ನು ಉತ್ಪಾತಗಳಲ್ಲಿ ಎಣಿಸಿದರು. ಮನುಷ್ಯನು ಹಾರಿಸಿದ ಉಪಗ್ರಹವು ಭೂಮಿಗೆ ಮರಳುವ ಗಳಿಗೆಯು ಇವೆರಡರ ನಡುವಣದು. ಅದು ಗಣಿತಕ್ಕೆ ಒಳಪಟ್ಟಿದ್ದರೂ ಪೂರ್ಣವಾಗಿ ಕೈಗೆ ಸಿಕ್ಕುವದಿಲ್ಲ.

ಭೂಮಿಗೆ ಸಮೀಪವಾಗಿ ಸುತ್ತುವ ಉಪಗ್ರಹವು ಅತಿವಿರಳವಾದ ವಾಯುವಿನ ತಡೆಯಿಂದ ದಿನೇ ದಿನೇ ಕೆಳಗಿಳಿಯುವದು. ಸೂರ್ಯನು ಕ್ಷೋಭೆಗೊಂಡಾಗ ಮೇಲಣ ವಾಯುಮಂಡಲವು ಕಾದು ಉಬ್ಬಿ ಈ ತಡೆಯು ಹೆಚ್ಚುವದು. ಉಪಗ್ರಹವು ಉರುಳುತ್ತ ಸಾಗುವ ಬಗೆಯಿಂದಲೂ ಅದು ವ್ಯತ್ಯಾಸಗೊಳ್ಳುವದು. ಆದಕಾರಣ ಉಳಿದ ಆಯುಷ್ಯದ ಐದರಲ್ಲೊಂದು ಪಾಲಿನಷ್ಟು ತಪ್ಪಿಗೆ ಗಣಕರು ಮೊದಲೇ ಎಡೆಗೊಡುತ್ತಾರೆ. ಪತನಕ್ಕೆ ಹತ್ತು ದಿನ ಮುಂಚೆ ಎರಡು ದಿನಗಳ, ಐದು ಗಂಟೆ ಮುಂಚೆ ಒಂದು ಗಂಟೆಯ ಹೆಚ್ಚುಕಡಿಮೆ ಇದ್ದೇ ಇರುವದು.

ಒಂದು ಗಂಟೆಯೆಂದರೆ ಅಲ್ಪವೆಂದು ತೋರಬಹುದು. ಆದರೆ ಉಪಗ್ರಹದ ವೇಗವು ಸೆಕೆಂಡಿಗೆ ಸುಮಾರು 7.5 ಕಿಲೋಮೀಟರು. ಕಿತ್ತೂರಿನಿಂದ ಬೈಲಹೊಂಗಲ, ಸವದತ್ತಿಗಳ ಸೀಮೆಯನ್ನು ದಾಟಿ ರಾಮದುರ್ಗವನ್ನು ಮುಟ್ಟುವ ಸುಮಾರು 65 ಕಿಲೋಮೀಟರುಗಳ ನೇರದಾರಿಯನ್ನು ಅದು ಒಂಬತ್ತು ಸೆಕೆಂಡುಗಳಲ್ಲಿ ಕ್ರಮಿಸುವದು. ಒಂದು ಗಂಟೆಯಲ್ಲಿ ಭೂಪರಿಧಿಯ ಮೂರರಲ್ಲಿ ಎರಡು ಪಾಲನ್ನು ಸುತ್ತುವದು. ಆದುದರಿಂದ ಸ್ವೇಚ್ಛೆಯಾಗಿ ಬೀಳುವ ಉಪಗ್ರಹವು ಇಂಥ ಊರಿನ ಮೇಲೆಯೇ ಬೀಳುವದೆಂದು ಹಿಂದಿನ ದಿನ ಹೇಳುವ ಮಾತಿಗೆ ಆಧಾರವಿಲ್ಲ. 1979ರ ಜುಲೈ 11ರಂದು ಬಿದ್ದ ಸ್ಕೈಲ್ಯಾಬ್ ಭಾರತದಲ್ಲೆಲ್ಲ ಭೀತಿಯನ್ನು ಹುಟ್ಟಿಸಿ, ಕಡೆಗೆ ಹಿಂದೂ ಮಹಾಸಾಗರದಲ್ಲಿಯೂ ಪಶ್ಚಿಮ ಆಸ್ಟ್ರೇಲಿಯದಲ್ಲಿಯೂ ಚೆದುರಿತು. ಇಂಧನವು ಉಳಿದಿದ್ದರೆ ಮಾತ್ರ ಸ್ಥಳವನ್ನು ಆರಿಸಿಕೊಳ್ಳಬಹುದು; ಮೇಘಾ-ಟ್ರಾಪಿಕ್ಸ್ ಉಪಗ್ರಹವನ್ನು 2023ರ ಮಾರ್ಚ್ 7ರಂದು ಪೆಸಿಫಿಕ್ ಸಾಗರದ ಮೇಲೆ ಇಳಿಸಿದ್ದು ಹೀಗೆಯೇ.

ಭಯವು ಕೇವಲ ನಿರಾಧಾರವೆಂತಲೂ ಅಲ್ಲ. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರದ ಆಕಾಶದಲ್ಲಿ ಉರಿಯುತ್ತ ಸಾಗಿದ ಸಾಲನ್ನು ಅನೇಕರು ಉಲ್ಕೆಯೆಂದೇ ತಿಳಿದರು. ಚಂದ್ರಪುರ ಜಿಲ್ಲೆಯ ಸಿಂದೇವಾಹಿಯ ಬಳಿ ಲೋಹದ ದೊಡ್ಡ ಉಂಗುರವು ಬಿದ್ದಿತು. ಅದು 2021ರಲ್ಲಿ ಹಾರಿದ ಚೀನೀ ರಾಕೆಟ್ಟಿನ ಭಾಗವೆಂದು ತಜ್ಞರು ಗುರುತಿಸಿದರು. ಸವದತ್ತಿಗೂ ಸಿಂದೇವಾಹಿಗೂ ಇರುವ ಅಂತರವು ಸುಮಾರು 700 ಕಿಲೋಮೀಟರು, ಎಂದರೆ ಅಂಥ ವಸ್ತುವಿಗೆ ಒಂದೂವರೆ ನಿಮಿಷದ ಹಾದಿ.

ಹವ್ಯಾಸಿ ವೀಕ್ಷಕನ ಕೆಲಸವು ಇಲ್ಲಿಯೇ ಬೆಲೆಯುಳ್ಳದ್ದಾಗುವದು. ಸೆಕೆಂಡಿಗೆ 11ರಿಂದ 72 ಕಿಲೋಮೀಟರು ವೇಗದ ಉಲ್ಕೆಯು ಕ್ಷಣಾರ್ಧದಲ್ಲಿ ಮಿಂಚಿ ಮರೆಯಾದರೆ, ಉಪಗ್ರಹವು ತುಂಡುತುಂಡಾಗಿ ನಿಮಿಷದವರೆಗೂ ಉರಿಯುತ್ತ ಸಾಗಬಲ್ಲದು. ಯಾವ ನಕ್ಷತ್ರದ ಬಳಿ, ಯಾವ ಸೆಕೆಂಡಿಗೆ ಅದು ಹಾಯ್ದಿತೆಂಬುದನ್ನು ಬರೆದಿಡಬೇಕು. ಕಿತ್ತೂರಿನಲ್ಲಿ ನೆತ್ತಿಯ ಮೇಲೆ 80 ಕಿಲೋಮೀಟರು ಎತ್ತರದಲ್ಲಿ ಉರಿಯುವ ವಸ್ತುವು ರಾಮದುರ್ಗದಲ್ಲಿ ನೈಋತ್ಯದಿಕ್ಕಿಗೆ ಸುಮಾರು 50 ಅಂಶಗಳ ಎತ್ತರದಲ್ಲಿ ಕಾಣುವದು. ಇಂಥ ಎರಡು ಲೆಕ್ಕಗಳು ದೊರೆತರೆ ಎತ್ತರವನ್ನೂ ಮಾರ್ಗವನ್ನೂ ತ್ರಿಕೋಣಮಿತಿಯಿಂದ ನಿರ್ಣಯಿಸಬಹುದು. ಪತನದ ಹಿಂದಿನ ಸಂಧ್ಯೆಯಲ್ಲಿ ಅದು ಗಣಿಸಿದ ವೇಳೆಗಿಂತ ಎಷ್ಟು ಮುಂಚೆ ಹಾಯ್ದಿತೆಂಬ ಟಿಪ್ಪಣಿಯೂ ಮುಂದಿನ ಗಣನೆಯನ್ನು ತಿದ್ದುವದು. ನಿರ್ಮಲವಾದ ಆಕಾಶದಲ್ಲಿ, ಕಾಣಬೇಕಾದ ವೇಳೆಯಲ್ಲಿ ಅದು ಕಾಣಲಿಲ್ಲವೆಂಬ ಬರಹವೂ ಪ್ರಮಾಣವೇ. ಉತ್ಪಾತವೆಂಬ ಭೀತಿಯನ್ನು ಅಳತೆಯಾಗಿ ಮಾರ್ಪಡಿಸುವದಕ್ಕೆ ಒಂದು ಗಡಿಯಾರವೂ ನಕ್ಷತ್ರಗಳ ಪರಿಚಯವೂ ಸಾಕು.